ಮೂವತ್ತೇಳನೆಯ ಮಗು

ಭಾನುವಾರ ನಮ್ಮ ಮನೆಗೆ ರೊಟ್ಟಿ ಊಟಕ್ಕೆ ನಾಲ್ಕೈದು ಹುಡುಗಿಯರು ಬರುತ್ತಾರೆ. ಕೊಪ್ಪಳ, ಗದಗ, ರಾಯಚೂರು ಕಡೆಯಿಂದ ಈ ವಿಶಾಖಪಟ್ಟಣದ ಆಸ್ಪತ್ರೆಗಳಿಗೆ ನರ್ಸಾಗಿ ಬಂದ ಮಕ್ಕಳು. ಮೊನ್ನೆ ಅವರಲ್ಲೊಬ್ಬಳು ಗೋಡೆಯ ಮೇಲಿನ ನನ್ನ ಶಾಲು ಹೊದ್ದ ಫೋಟೋ ನೋಡಿ, "ಆಂಟಿ, ಇದನ್ನ ಯಾಕ ಕೊಟ್ಟಾರ್ರೀ?" ಎಂದು ಕೇಳಿದಳು. ನಿವೃತ್ತಿಯಾದ ದಿನ ಎಲ್ಲರಿಗೂ ಹೊದಿಸುವ ಶಾಲು ಅದು. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಲಸಿಕೆ ಹಾಕಿದ್ದಕ್ಕೆ ಹೆಮ್ಮೆಪಡಲು ನನಗೆ ಬೇರೆ ಕಾರಣಗಳಿವೆ. ಅವುಗಳಲ್ಲಿ ದೊಡ್ಡದು ನಾನೇ ಮಾಡಿದ ಒಂದು ತಪ್ಪಿನಿಂದ ಹುಟ್ಟಿದ್ದು. ಬಾಯಲ್ಲಿ ಹೇಳಿದರೆ ರೊಟ್ಟಿ ಮುಗಿಯುವ ಹೊತ್ತಿಗೆ ಮರೆತುಬಿಡುತ್ತಾರೆಂದು ಬರೆದಿಡುತ್ತಿದ್ದೇನೆ. ಬಡ್ತಿಗಳ ಸುದ್ದಿ ಬರೆಯುವುದಿಲ್ಲ. ಬಂದದ್ದೇ ಎರಡು, ಎರಡೂ ತಡವಾಗಿ.

ನಾನು ಗದಗಿನವಳು. ನಮ್ಮ ಯಜಮಾನರು ಬ್ಯಾಂಕಿನಲ್ಲಿ ಗುಮಾಸ್ತರು. ಅವರಿಗೆ ವಿಶಾಖಪಟ್ಟಣಕ್ಕೆ ವರ್ಗವಾದಾಗ ಗಾಜುವಾಕದಲ್ಲಿ ಬಾಡಿಗೆಗೆ ಮನೆ ಹಿಡಿದೆವು. ಅಲ್ಲಿಯೇ ಒಂದು ಧರ್ಮಾಸ್ಪತ್ರೆಯ ಲಸಿಕೆ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿತು. ತೆಲುಗು ಬರುತ್ತಿರಲಿಲ್ಲ. ಅಳುವ ಕೂಸುಗಳ ಅಮ್ಮಂದಿರು ಆರು ತಿಂಗಳಲ್ಲಿ ಕಲಿಸಿಬಿಟ್ಟರು. ಈ ಕಡೆಯ ಊರುಗಳಲ್ಲಿ ನಾನು ಕೇಳಿದ ಮಾತೆಲ್ಲ ತೆಲುಗೇ. ಆದರೆ ನೆನಪಿನಲ್ಲಿ ಅವು ನನ್ನ ಗದಗಿನ ಮಾತಾಗಿಯೇ ಉಳಿದಿವೆ, ಹಾಗೆಯೇ ಬರೆಯುತ್ತೇನೆ.

ಎರಡು ಸಾವಿರದ ಆಚೀಚಿನ ವರ್ಷಗಳವು. ನಿಮಗೆ ಈಗ ಒಮ್ಮೆ ಬಳಸಿದರೆ ತಾನೇ ಲಾಕ್ ಆಗುವ ಸಿರಿಂಜು ಕೊಡುತ್ತಾರೆ. ನಮಗೆ ಗಾಜಿನ ಸಿರಿಂಜು, ಉಕ್ಕಿನ ಸೂಜಿ. ಬೆಳಿಗ್ಗೆ ಹೋದ ತಕ್ಷಣ ಅವನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ, ಕುಕ್ಕರಿನಂಥ ಪಾತ್ರೆಯಲ್ಲಿಟ್ಟು ಸೀಟಿ ಹೊಡೆಸಬೇಕು. ಆ ಕೆಲಸದಲ್ಲಿ ನನಗೆ ಗುರುವಾದವಳು ಆಯಾ ಅಪ್ಪಲನರಸಮ್ಮ. ಓದು ಬರಹ ಇಲ್ಲ, ಆದರೆ ಸೂಜಿಯ ಮೊನೆಯನ್ನು ಹತ್ತಿಯ ಮೇಲೆ ಎಳೆದು, ದಾರ ಹಿಡಿದರೆ "ಇದು ಮೊಂಡ, ಸಾಣೆಕಲ್ಲಿಗೆ ಹಾಕು" ಎನ್ನುತ್ತಿದ್ದಳು. ಮೊಂಡ ಸೂಜಿಯಿಂದ ಅವಳು ಉಳಿಸಿದ ತೊಡೆಗಳು ಎಷ್ಟೋ.

ಡಾಕ್ಟರ್ ಸತ್ಯವತಿಗಾರು ನಮ್ಮ ಮೇಲಿನವರು. ತೆಲುಗಿನ ಗಾರು ಅಂದರೆ ನಮ್ಮ 'ಅವರು' ಇದ್ದಂತೆ. ಗಟ್ಟಿ ದನಿಯಲ್ಲಿ ಮಾತಾಡಿದ್ದೇ ಇಲ್ಲ, ಆದರೂ ಅವರು ಒಳಗೆ ಬಂದರೆ ನಾವು ಸೆರಗು ಸರಿಮಾಡಿಕೊಳ್ಳುತ್ತಿದ್ದೆವು. ಒಂದು ದಿನ ಅವರು ನನ್ನನ್ನು ಒಳಗೆ ಕರೆದು ಐದು ವರ್ಷದ ಒಬ್ಬ ಹುಡುಗನ ಬಾಯಿ ತೆರೆಸಿ ತೋರಿಸಿದರು. ಗಂಟಲೊಳಗೆ ಬೂದುಬಣ್ಣದ ಪೊರೆ ಕಟ್ಟಿತ್ತು, ಕತ್ತು ಊದಿ ಗದ್ದಕ್ಕೆ ಸಮನಾಗಿತ್ತು. ಉಸಿರಿಗೊಮ್ಮೆ ಸೀಟಿಯಂಥ ಸದ್ದು. ಡಿಫ್ತೀರಿಯಾ, ನಮ್ಮ ಕಡೆ ಗಂಟಲಮಾರಿ ಅನ್ನುತ್ತಾರೆ. ಪುಸ್ತಕದಲ್ಲಿ ಓದಿದ್ದೆನೇ ಹೊರತು ಅದುವರೆಗೆ ಕಂಡಿರಲಿಲ್ಲ.

ಅಪ್ಪ ಬಂದರಿನಲ್ಲಿ ಹಮಾಲಿ. ಅಂಗಿಯ ಕಿಸೆಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟ ಲಸಿಕೆ ಕಾರ್ಡು ತೆಗೆದು ಮೇಜಿನ ಮೇಲೆ ಇಟ್ಟ. "ಎಲ್ಲಾ ಹಾಕಿಸೀನಲ್ರೀ ಅಮ್ಮಾ. ನೋಡ್ರಿ, ಮೂರೂ ಅದಾವ," ಎಂದ. ಬೇರೆ ಯಾವುದೋ ಊರಲ್ಲಿ ಹಾಕಿಸಿದ್ದು. ಮೂರೂ ಚೌಕಗಳಲ್ಲಿ ತಾರೀಖು, ಸಹಿ, ಎಲ್ಲವೂ ಸರಿಯಾಗಿತ್ತು. ಹುಡುಗನನ್ನು ದೊಡ್ಡಾಸ್ಪತ್ರೆಗೆ ಕಳಿಸಿದೆವು. ಅವರು ಮಾಡುವುದೆಲ್ಲ ಮಾಡಿದರು. ಎರಡನೆಯ ದಿನ ಹುಡುಗ ಹೋದ.

ಕಾರ್ಡಿನಲ್ಲಿ ಎಲ್ಲ ಇದ್ದೂ ಹೀಗೇಕಾಯಿತು ಎಂದು ನಾನು ಸತ್ಯವತಿಗಾರನ್ನು ಕೇಳಿದೆ. "ಬೂಸ್ಟರ್ ಹಾಕಿಸಿಲ್ಲ, ಅದೂ ಇರಬಹುದು. ಔಷಧ ಎಲ್ಲೋ ದಾರ್ಯಾಗ ಬಿಸಿಲಿಗೆ ಸಿಕ್ಕು ಶಕ್ತಿ ಕಳಕೊಂಡಿರಬಹುದು. ನನಗ ಗೊತ್ತಿಲ್ಲ ಗಿರಿಜಾ," ಎಂದರು. ಒಂದು ಪುಸ್ತಕವನ್ನು ನನ್ನ ಮುಂದೆ ಸರಿಸಿ, "ಇವತ್ತಿನಿಂದ ನಮ್ಮ ಫ್ರಿಜ್ಜಿನ ಪುಸ್ತಕ ನೀವ ಬರೀರಿ," ಎಂದು ಹೇಳಿದರು. ಬೆಳಿಗ್ಗೆ ಸಂಜೆ ಎರಡು ಸಲ ಫ್ರಿಜ್ಜಿನ ಉಷ್ಣಾಂಶ ನೋಡಿ ಬರೆಯುವ ಪುಸ್ತಕ ಅದು.

ಬಿಸಿಲು ಎಂಬ ಒಂದೇ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನನ್ನ ಕೈಯಿಂದ ಹೋಗುವ ಔಷಧ ಯಾವತ್ತೂ ಬೆಚ್ಚಗಾಗಬಾರದು ಎಂದು ಅಂದೇ ಗಟ್ಟಿ ಮಾಡಿಕೊಂಡೆ. ಕರೆಂಟು ಹೋದರೆ ಊಟ ಬಿಟ್ಟು ಆಸ್ಪತ್ರೆಗೆ ಓಡುತ್ತಿದ್ದೆ. ಮನೆಯ ಫ್ರೀಜರಿನಲ್ಲೂ ಹೆಚ್ಚುವರಿ ಐಸ್ ಪ್ಯಾಕುಗಳನ್ನು ತುಂಬಿಟ್ಟಿದ್ದೆ. ಐಸ್ ಪ್ಯಾಕು ಅಂದರೆ ನೀರು ತುಂಬಿ ಹೆಪ್ಪುಗಟ್ಟಿಸಿದ ಚಪ್ಪಟೆ ಪ್ಲಾಸ್ಟಿಕ್ ಡಬ್ಬಿ. ಲಸಿಕೆ ಒಯ್ಯುವ ಪೆಟ್ಟಿಗೆಯ ನಾಲ್ಕು ಗೋಡೆಗೆ ನಾಲ್ಕು ಇಟ್ಟು ನಡುವೆ ಔಷಧದ ಸೀಸೆಗಳನ್ನು ಇಡುತ್ತೇವೆ. ನಮ್ಮ ಯಜಮಾನರು ಫ್ರಿಜ್ಜು ತೆರೆದಾಗೆಲ್ಲ, "ಕಟ್ಟಿಕೊಂಡ ಗಂಡಗ ಒಂದು ಲೋಟ ತಣ್ಣೀರಿಲ್ಲ, ಊರ ಮಕ್ಕಳ ಔಷಧಕ್ಕ ಹಿಮಾಲಯನ ತಂದಿಟ್ಟೀಯಲ್ಲ," ಎಂದು ಕಾಡಿಸುತ್ತಿದ್ದರು. ಓಣಿಯವರು ನನ್ನನ್ನು ಐಸ್ ಸಿಸ್ಟರಮ್ಮ ಎಂದೇ ಕರೆಯತೊಡಗಿದರು. ನನಗೆ ಅದು ಬಿರುದಿನ ಹಾಗೆ ಇತ್ತು.

ಕೆಲವು ವರ್ಷಗಳ ಮೇಲೆ ಯಜಮಾನರಿಗೆ ವಿಜಯವಾಡಕ್ಕೆ ವರ್ಗವಾಯಿತು. ಅದೇ ಧರ್ಮಾಸ್ಪತ್ರೆಯ ಇನ್ನೊಂದು ಶಾಖೆ ಅಲ್ಲಿತ್ತು, ನನ್ನನ್ನೂ ಅಲ್ಲಿಗೆ ತೆಗೆದುಕೊಂಡರು. ವಿಜಯವಾಡದ ಬಿಸಿಲು ಕಂಡವರಿಗೇ ಗೊತ್ತು. ಸಮುದ್ರದ ಗಾಳಿಯಿಲ್ಲ, ಮಧ್ಯಾಹ್ನದ ಹೊತ್ತು ಬಸ್ಸಿನ ಕಂಬಿ ಮುಟ್ಟಿದರೆ ಕೈ ಚುರ್ರೆನ್ನುತ್ತದೆ. ಅಲ್ಲಿ ನನ್ನ ಐಸಿನ ಹುಚ್ಚು ಇನ್ನೂ ಹೆಚ್ಚಾಯಿತು.

ಪಲ್ಸ್ ಪೋಲಿಯೋ ದಿನಗಳಲ್ಲಿ ನನ್ನನ್ನು ರೈಲ್ವೆ ಸ್ಟೇಷನ್ನಿಗೆ ಹಾಕುತ್ತಿದ್ದರು. ದೇಶದ ನಾಲ್ಕೂ ಕಡೆಯ ಗಾಡಿಗಳು ಬರುವ ಸ್ಟೇಷನ್ನು. ಗಾಡಿ ನಿಲ್ಲುವುದು ಹತ್ತು ನಿಮಿಷ, ಅಷ್ಟರಲ್ಲಿ ಬೋಗಿಯಿಂದ ಬೋಗಿಗೆ ಹತ್ತಿ ಇಳಿದು ಐದು ವರ್ಷದೊಳಗಿನ ಮಕ್ಕಳ ಬಾಯಿಗೆ ಎರಡು ಹನಿ, ಎಡಗೈ ಕಿರುಬೆರಳಿಗೆ ಮಸಿ. ಒಮ್ಮೆ ಒಬ್ಬಳು ತಾಯಿ ಮಗುವನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ತೆಲುಗು, ಹಿಂದಿ ಯಾವುದಕ್ಕೂ ಬಗ್ಗಲಿಲ್ಲ. ಮಗುವಿಗೆ "ಸುಮ್ಕಿರೋ" ಎಂದು ಗದರಿದ್ದು ಕೇಳಿ ನಾನು, "ಯಾವೂರವ್ವಾ ನಿಂದು?" ಎಂದೆ. ಅವಳು ನನ್ನ ಮುಖ ನೋಡಿ, "ಮಾನ್ವಿ ಹತ್ರರೀ. ನೀವು ನಮ್ಮ ಕಡ್ಯಾವ್ರೇನ್ರೀ?" ಎಂದು ತಾನೇ ಮಗನ ಬಾಯಿ ತೆರೆಸಿದಳು. ಗಾಡಿ ಹೊರಟಿತು, ನಾನು ಓಡುತ್ತ ಇಳಿದೆ. ಹುಡುಗಿಯರೇ, ನೀವು ಹಾಗೆ ಇಳಿಯಬೇಡಿ.

ಪೋಲಿಯೋ ಹನಿಗೆ ಎಷ್ಟು ತಂಪಿದ್ದರೂ ಒಳ್ಳೆಯದೇ, ಹೆಪ್ಪುಗಟ್ಟಿದರೂ ಕೆಡುವುದಿಲ್ಲ. ಬಿಸಿ ತಾಗಿದರೆ ಸೀಸೆಯ ಮೇಲಿನ ಸಣ್ಣ ಚೌಕ ಕಪ್ಪಾಗಿ ನಮಗೆ ತಿಳಿಯುತ್ತದೆ. ದಿನವಿಡೀ ಬಿಸಿಲಲ್ಲಿದ್ದೂ ನನ್ನ ಪೆಟ್ಟಿಗೆಯ ಒಂದು ಚೌಕವೂ ಕಪ್ಪಾಗುತ್ತಿರಲಿಲ್ಲ. ಉಳಿದವರು ಬಂದು ನೋಡಿ ಹೋಗುತ್ತಿದ್ದರು. ನನ್ನ ಕೊಬ್ಬು ಅಲ್ಲಿಂದ ಏರಿತು.

ಬುಧವಾರ ಬುಧವಾರ ಊರ ಹೊರಗಿನ ಇಬ್ರಾಹಿಂಪಟ್ನಂನಲ್ಲಿ ನಮ್ಮ ಕ್ಯಾಂಪು. ಅಲ್ಲಿನ ದೊಡ್ಡ ವಿದ್ಯುತ್ ಸ್ಥಾವರಕ್ಕೆ ಗುತ್ತಿಗೆ ಕೆಲಸಕ್ಕೆಂದು ಬಂದವರ ಗುಡಿಸಲುಗಳ ಸಾಲು. ಒಗೆದು ಹರವಿದ ಬಟ್ಟೆ ಒಣಗುವಷ್ಟರಲ್ಲಿ ಸ್ಥಾವರದ ಕಲ್ಲಿದ್ದಲಿನ ಬೂದಿ ಕೂತಿರುತ್ತಿತ್ತು. ಅಲ್ಲಿ ಪೋಲಿಯೋ ಹನಿಯ ಜೊತೆಗೆ ಡಿಪಿಟಿ ಸೂಜಿಯೂ ಇತ್ತು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರನ್ನೂ ತಡೆಯುವ ಸೂಜಿ ಅದು. ಅದರ ನಿಯಮ ಬೇರೆ. ಅದು ತಂಪಾಗಿರಬೇಕು, ಆದರೆ ಹೆಪ್ಪುಗಟ್ಟಕೂಡದು. ಅದಕ್ಕೇ ಐಸ್ ಪ್ಯಾಕನ್ನು ಫ್ರೀಜರಿನಿಂದ ತೆಗೆದು ಹೊರಗಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ನೀರಾಡುವ ಸದ್ದು ಕೇಳಿಸಿದ ಮೇಲೆಯೇ ಪೆಟ್ಟಿಗೆಗೆ ಹಾಕಬೇಕು. ಇದನ್ನು ನಾನು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ವಿಜಯವಾಡದ ಬೇಸಿಗೆಯಲ್ಲಿ ಐಸನ್ನು ಕೈಯಾರೆ ಕರಗಿಸಿ ಒಯ್ಯುವುದು ನನಗೆ ಶುದ್ಧ ದಡ್ಡತನವಾಗಿ ಕಂಡಿತು. ಬೆಳಗಿನ ಏಳರ ಬಸ್ಸಿಗೆ ಹೊತ್ತೂ ಆಗುತ್ತಿತ್ತು. ಆ ವರ್ಷ ಯುಗಾದಿ ಕಳೆದ ಮೇಲೆ ಕಲ್ಲಿನಂತಿದ್ದ ಪ್ಯಾಕುಗಳನ್ನೇ ನೇರವಾಗಿ ತುಂಬಿ, ಸೀಸೆಗಳನ್ನು ಅವಕ್ಕೆ ಒತ್ತಿ ಜೋಡಿಸಿ ಹೊರಡತೊಡಗಿದೆ.

ಆ ದಿನಗಳಲ್ಲೇ ನಾಗಮಣಿ ಎಂಬ ತಾಯಿ ಮಗಳನ್ನು ತಂದು ತೋರಿಸಿದಳು. ಮೂರು ತಿಂಗಳ ಕೂಸು, ಸೂಜಿ ಹಾಕಿದ ತೊಡೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ನಾನು ಸರಿಯಾಗಿ ಮುಟ್ಟಿಯೂ ನೋಡದೆ, "ಎಣ್ಣೆ ಹಚ್ಚಿ ತಿಕ್ಕೀಯಲ್ಲ? ತಿಕ್ಕಬ್ಯಾಡ ಅಂತ ಹೇಳಿದ್ದು ಕಿವ್ಯಾಗ ಬೀಳಲಿಲ್ಲೇನ?" ಎಂದು ಸಾಲಿನಲ್ಲಿ ನಿಂತವರೆಲ್ಲರ ಎದುರು ಬೈದೆ. "ನಾ ಹಚ್ಚಿಲ್ಲ ಸಿಸ್ಟರಮ್ಮ," ಎಂದಳು. ನಾನು ಮುಂದಿನ ಕೂಸಿಗೆ ಕೈ ಚಾಚಿದೆ.

ಜೂನಿನಲ್ಲಿ ಒಂದು ಬುಧವಾರ ಮಧ್ಯಾಹ್ನ ಆಸ್ಪತ್ರೆಯಲ್ಲಿ ತರಬೇತಿ ಇಟ್ಟಿದ್ದರು. ಕಲಿಸಲು ಬಂದವರು ಲಸಿಕೆಯ ಫ್ರಿಜ್ಜುಗಳನ್ನು ರಿಪೇರಿ ಮಾಡುತ್ತಲೇ ತಲೆ ನರೆತ ಒಬ್ಬ ಮೆಕ್ಯಾನಿಕ್. ಹೆಪ್ಪುಗಟ್ಟಿ ಕೆಟ್ಟ ಡಿಪಿಟಿಯನ್ನು ಗುರುತಿಸುವ ಬಗೆ ತೋರಿಸುತ್ತೇನೆ ಎಂದರು. ಬೇಕೆಂದೇ ಹೆಪ್ಪುಗಟ್ಟಿಸಿ ಕರಗಿಸಿದ ಒಂದು ಸೀಸೆ ತಂದಿದ್ದರು. ಜೊತೆಗೆ ಒಂದು ಒಳ್ಳೆಯ ಸೀಸೆ ಬೇಕು, ಯಾರಲ್ಲಿದೆ ಎಂದು ಕೇಳಿದರು. ಯಾರೂ ಬಾಯಿ ಬಿಡುವ ಮೊದಲೇ ನಾನು ಎದ್ದೆ. ಬೆಳಗಿನ ಕ್ಯಾಂಪಿನಿಂದ ಉಳಿದು ಬಂದ, ಇನ್ನೂ ಸೀಲು ಒಡೆಯದ ಸೀಸೆಯನ್ನು ನನ್ನ ಪೆಟ್ಟಿಗೆಯಿಂದ ತೆಗೆದುಕೊಟ್ಟೆ. "ಮುಟ್ಟಿ ನೋಡ್ರಿ, ಇನ್ನೂ ಹ್ಯಾಂಗ ತಣ್ಣಗೈತಿ," ಎಂದೆ.

ಅವರು ಎರಡನ್ನೂ ಒಂದೇ ಕೈಯಲ್ಲಿ ಹಿಡಿದು ಚೆನ್ನಾಗಿ ಅಲ್ಲಾಡಿಸಿ ಮೇಜಿನ ಮೇಲಿಟ್ಟರು. ಒಳ್ಳೆಯ ಔಷಧ ಬಹಳ ಹೊತ್ತು ಮಜ್ಜಿಗೆಯಂತೆ ಮಸುಕಾಗಿಯೇ ಇರುತ್ತದೆ, ಕೆಟ್ಟದ್ದು ಒಡೆದು ತಳಕ್ಕೆ ಇಳಿಯುತ್ತದೆ, ಅಂಥದ್ದನ್ನು ಹಾಕಿದ ಕಡೆ ಗಡ್ಡೆಯೂ ಏಳಬಹುದು ಎಂದು ಹೇಳಿ ಚಹಾ ಕುಡಿಯಲು ಕೂತರು. ಕಾಲು ಗಂಟೆಯಾಯಿತು. ಅವರ ಸೀಸೆಯಲ್ಲಿ ಮೇಲೆ ತಿಳಿನೀರು, ಕೆಳಗೆ ಗಸಿ. ನನ್ನ ಸೀಸೆಯಲ್ಲೂ ಮೇಲೆ ತಿಳಿನೀರು, ಕೆಳಗೆ ಗಸಿ. ಯಾವುದು ಯಾರದೆಂದು ಚೀಟಿ ನೋಡಿಯೇ ಹೇಳಬೇಕಿತ್ತು. ಆ ಮೆಕ್ಯಾನಿಕ್ ನನ್ನ ಪೆಟ್ಟಿಗೆಯಿಂದ ಒಂದು ಪ್ಯಾಕು ತೆಗೆದು ಕಿವಿಗೆ ಹಿಡಿದು ಅಲ್ಲಾಡಿಸಿದರು. ಅಷ್ಟು ಹೊತ್ತಾದರೂ ಅದರಲ್ಲಿ ಸದ್ದಿರಲಿಲ್ಲ. ನನಗೆ ನಿಂತ ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಅವತ್ತು ಸಂಜೆ ರಿಜಿಸ್ಟರು ತೆಗೆದು ಯುಗಾದಿಯ ನಂತರ ಇಬ್ರಾಹಿಂಪಟ್ನಂನಲ್ಲಿ ನನ್ನ ಕೈಯಿಂದ ಡಿಪಿಟಿ ಹಾಕಿಸಿಕೊಂಡ ಮಕ್ಕಳ ಹೆಸರು ಬರೆದೆ. ಮೂವತ್ತೇಳು ಮಕ್ಕಳು. ಎಲ್ಲರ ಕಾರ್ಡಿನಲ್ಲೂ ನನ್ನ ಸಹಿ, ಒಬ್ಬರ ಮೈಯಲ್ಲೂ ರಕ್ಷಣೆ ಇದೆಯೆಂದು ಹೇಳುವಂತಿಲ್ಲ. ಗಾಜುವಾಕದ ಆ ಅಪ್ಪ ಪ್ಲಾಸ್ಟಿಕ್ ಕವರಿನಿಂದ ಕಾರ್ಡು ತೆಗೆದ ರೀತಿ ಕಣ್ಣ ಮುಂದೆ ಬಂತು. ಬಿಸಿಲಿಗೆ ಹೆದರಿ ಹೆದರಿ ನಾನು ಅಂಥದ್ದೇ ಮೂವತ್ತೇಳು ಕಾರ್ಡು ತಯಾರು ಮಾಡಿದ್ದೆ.

ಪಟ್ಟಿ ತೆಗೆದುಕೊಂಡು ಸೂಪರಿಂಟೆಂಡೆಂಟ್ ಭಾಸ್ಕರರಾವುಗಾರ ಕೋಣೆಗೆ ಹೋದೆ. ಅವರು ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದರು.

"ಎಲ್ಲಾರಿಗೂ ಮತ್ತೊಂದು ಡೋಸ್ ಹಾಕೋಣ. ಆದರ ಯಾಕಂತ ಹೇಳಬ್ಯಾಡ್ರಿ. ಇನ್ನೊಂದು ಸೂಜಿ ಬಾಕಿ ಐತಿ ಅಂದ್ರ ಮುಗೀತು. ಔಷಧ ಕೆಟ್ಟಿತ್ತು ಅಂತ ಗೊತ್ತಾದ್ರ ಆ ಸಾಲಿನಿಂದ ಒಂದು ಕೂಸೂ ಬರೂದಿಲ್ಲ. ಆಮ್ಯಾಲೆ ದಡಾರ ಬಂದ್ರ ಏನ ಮಾಡ್ತೀರಿ?"

ಅವರು ಕೆಟ್ಟವರಲ್ಲ. ಅವರ ಮಾತಿನಲ್ಲಿ ನ್ಯಾಯವೂ ಇತ್ತು. ನಾನು ಅಂದೆ, "ಸರ್, ಸುಳ್ಳು ಹೇಳಿದ್ರ ಅರ್ಧ ಮಂದಿ ಕಾರ್ಡು ತೆಗೆದು, ಎಲ್ಲಾ ಆಗೇತಲ್ಲ ಅಂತ ತೋರಸ್ತಾರ. ಖರೆ ಹೇಳಿದ್ರನ ಅವ್ರು ತೊಡಿ ಕೊಡ್ತಾರ. ಎಲ್ಲಾ ಆಗೇತಿ ಅನ್ನೂ ಕಾರ್ಡು ಹಿಡಕೊಂಡು ಮಗನ್ನ ಕಳಕೊಂಡ ಅಪ್ಪನ್ನ ನಾ ನೋಡೀನಿ."

ಅವರು ನನ್ನ ಕೈಯಿಂದ ಪಟ್ಟಿ ತೆಗೆದುಕೊಂಡು ಹೆಸರುಗಳ ಮೇಲೆ ಕಣ್ಣಾಡಿಸಿದರು. "ಬೈಸಿಕೊಳ್ಳಾಕ ತಯಾರದೀರೇನ?" ಎಂದು ಕೇಳಿದರು. ಹೌದೆಂದೆ. "ಹಂಗಾದ್ರ ನಾನೂ ಬರ್ತೀನಿ. ಇಷ್ಟು ದಿವಸ ನಿಮ್ಮ ಪೆಟ್ಟಿಗಿ ತೆಗೆದು ನೋಡದವ ನಾನು." ಒಬ್ಬ ಮೇಲಧಿಕಾರಿ ಹೀಗೆ ಹೇಳಿದ್ದನ್ನು ನಾನು ನನ್ನ ಕೆಲಸದ ಬದುಕಿನಲ್ಲಿ ಮತ್ತೆ ಕೇಳಲಿಲ್ಲ. ಅವರನ್ನು ನೆನೆದರೆ ಈಗಲೂ ಎದೆ ತುಂಬುತ್ತದೆ.

ಗುಡಿಸಲಿನಿಂದ ಗುಡಿಸಲಿಗೆ ಹೋದೆವು. ಒಬ್ಬ ಅಜ್ಜಿ ಬಾಗಿಲು ಹಾಕಿಕೊಂಡಳು, ಮರುದಿನ ತಾನೇ ಮೊಮ್ಮಗನನ್ನು ಎತ್ತಿಕೊಂಡು ಬಂದಳು. ಒಬ್ಬ ಅಪ್ಪ ನನ್ನ ಮುಖಕ್ಕೇ, "ನಿಮ್ಮ ಮಕ್ಕಳಿಗೂ ಹಿಂಗ ಹಾಕ್ತಿದ್ರೇನ?" ಎಂದು ಕೇಳಿದ. ಅದು ಬೈಸಿಕೊಳ್ಳುವ ದಿನ, ಬೈಸಿಕೊಂಡೆ. ಪ್ರತಿ ಮನೆಯಲ್ಲೂ ಐಸ್ ಪ್ಯಾಕು ತೆಗೆದು ಅವರ ಕೈಗೆ ಕೊಟ್ಟು, ನೀರು ಆಡುವ ಸದ್ದು ಕೇಳಿಸಿದೆ. ಇದು ಕೇಳಿಸದಿದ್ದರೆ ನನ್ನಿಂದಲೂ ಹಾಕಿಸಿಕೊಳ್ಳಬೇಡಿ ಎಂದು ಹೇಳಿದೆ. ಮೂರು ವಾರಗಳಲ್ಲಿ ಮೂವತ್ತಾರು ಮಕ್ಕಳಿಗೆ ಮುಗಿಯಿತು.

ಉಳಿದದ್ದು ನಾಗಮಣಿಯ ಮಗಳು. ಅವರ ಗುಡಿಸಲಿನಲ್ಲಿ ಬೇರೆ ಸಂಸಾರ ಬಂದು ಕೂತಿತ್ತು. ಗಂಡನಿಗೆ ವಿಶಾಖಪಟ್ಟಣದ ಮಧುರವಾಡದಲ್ಲಿ ಅಪಾರ್ಟ್‌ಮೆಂಟು ಕಟ್ಟುವ ಕೆಲಸ ಸಿಕ್ಕಿತಂತೆ, ಹೋದರಂತೆ. ಭಾಸ್ಕರರಾವುಗಾರು, "ಆಗಿದ್ದು ಆತು, ಅಲ್ಲಿಯವರು ಯಾರರೆ ಹಾಕ್ತಾರ," ಎಂದರು. ಹಾಕುವುದಿಲ್ಲವೆಂದು ನನಗೆ ಗೊತ್ತಿತ್ತು, ಕೂಸಿನ ಕಾರ್ಡು ನೋಡಿದರೆ ಆ ಡೋಸು ಆಗಿದೆ ಎಂದೇ ಇರುತ್ತದೆ. ಅದಕ್ಕಿಂತ ಹೆಚ್ಚಾಗಿ, ನಾನು ಎಲ್ಲರೆದುರು ಬೈದದ್ದು ನಾಗಮಣಿಯನ್ನೇ.

ಗಾಜುವಾಕಕ್ಕೆ ಫೋನು ಮಾಡಿ ಅಪ್ಪಲನರಸಮ್ಮನಿಗೆ ವಿಷಯ ಹೇಳಿದೆ. ಆಗಲೇ ಅವಳಿಗೆ ವಯಸ್ಸಾಗಿತ್ತು, ಮಂಡಿ ನೋವು ಬೇರೆ. ಆದರೂ ರಜೆಯ ದಿನಗಳಲ್ಲಿ ಬಸ್ಸು ಹಿಡಿದು ಊರಿನ ಆ ತುದಿಗೆ ಹೋಗಿ, ಕಟ್ಟಡ ಕಟ್ಟಡಕ್ಕೆ ಅಲೆದು, ಚಹಾ ಅಂಗಡಿಗಳಲ್ಲಿ "ಬೆಜವಾಡ ಕಡೆಯವ್ರು ಯಾರಿದ್ದಾರ?" ಎಂದು ಕೇಳುತ್ತ ತಿರುಗಿದಳು. ವಿಜಯವಾಡವನ್ನು ಹಳಬರು ಬೆಜವಾಡ ಅನ್ನುತ್ತಾರೆ. ಮೂರನೆಯ ವಾರ ಫೋನು ಬಂತು. "ಸಿಕ್ಕಳು. ಬೇಗ ಬಾ, ಇವರು ಒಂದು ಕಡೆ ನಿಲ್ಲೂ ಮಂದಿ ಅಲ್ಲ."

ನಮ್ಮ ಯಜಮಾನರಿಗೆ ರೈಲಿನ ಟಿಕೇಟು ತರಲು ಹೇಳಿದಾಗ, "ಒಂದು ಸೂಜಿ ಹಾಕಾಕ ಅಷ್ಟು ದೂರನ?" ಎಂದು ಶುರು ಮಾಡಿದವರು ನನ್ನ ಮುಖ ನೋಡಿ ನಿಲ್ಲಿಸಿದರು. ಬೆಳಗಿನ ಗಾಡಿಗೆ ತಾವೇ ಹತ್ತಿಸಿ, ಕೈಗೆ ಬುತ್ತಿ ಕೊಟ್ಟರು.

ಮರುದಿನ ಗಾಜುವಾಕದ ಆಸ್ಪತ್ರೆಯಲ್ಲಿ ಸತ್ಯವತಿಗಾರು ಔಷಧ ಕೊಟ್ಟರು. ನಾನು ಪ್ಯಾಕುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಕಾಯುತ್ತ ಕೂತೆ. ಐದೈದು ನಿಮಿಷಕ್ಕೊಮ್ಮೆ ಕಿವಿಗೆ ಹಿಡಿಯುತ್ತಿದ್ದೆ. ಅವರು ದೂರದಿಂದ ನೋಡುತ್ತಿದ್ದವರು ಹತ್ತಿರ ಬಂದು ನನ್ನ ಭುಜ ಮುಟ್ಟಿ ಹೋದರು.

ಅಪ್ಪಲನರಸಮ್ಮ ನನ್ನನ್ನು ಕರೆದೊಯ್ದ ಮಧುರವಾಡದ ಆ ಕಟ್ಟಡ ನಾಲ್ಕು ಅಂತಸ್ತು ಎದ್ದಿತ್ತು. ನಾಗಮಣಿ ತಲೆಯ ಮೇಲೆ ಮರಳಿನ ಬಾಣಲಿ ಹೊತ್ತು ಬರುತ್ತಿದ್ದಳು. ಮೆಟ್ಟಿಲಿನ ಕೆಳಗೆ ಸೀರೆಯ ಜೋಲಿಯಲ್ಲಿ ಕೂಸು. ನನ್ನನ್ನು ಕಂಡು ಅವಳು ನಗಲಿಲ್ಲ. ಬಾಣಲಿ ಇಳಿಸಿ, ಕೈ ಒರೆಸಿಕೊಂಡು ಜೋಲಿಯ ಮುಂದೆ ಬಂದು ನಿಂತಳು. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಬಿಟ್ಟು ನೇರವಾಗಿ ಹೇಳಿದೆ.

"ಆ ಗಡ್ಡಿ ನಿನ್ನ ಎಣ್ಣಿಯಿಂದ ಆಗಿದ್ದಲ್ಲ ನಾಗಮಣಿ. ಔಷಧ ಐಸಿನ್ಯಾಗ ಕೆಟ್ಟಿತ್ತು. ಕೆಡಿಸಿದಾಕಿ ನಾನು. ನಿನ್ನ ಬೈದಿದ್ದು ತಪ್ಪಾತು."

"ನಾ ಹಚ್ಚಿಲ್ಲ ಅಂತ ಅವತ್ತ ಹೇಳಿದ್ನಲ್ಲ," ಎಂದಳು. ಜೋಲಿಯ ಮೇಲೆ ಕೈಯಿಟ್ಟು ಹೇಳಿದಳು, "ನಮ್ಮತ್ತಿ ಒಂದು ತಿಂಗಳು ನನಗ ಮಗಳಿಗೆ ಎಣ್ಣಿ ಹಚ್ಚಿ ಎರೆಯಾಕೂ ಬಿಡ್ಲಿಲ್ಲ. ಸಿಸ್ಟರಮ್ಮನ ಹೇಳ್ಯಾರ, ನಿನಗ ಕೂಸು ನೋಡಾಕ ಬರೂದಿಲ್ಲ ಅಂತ."

ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಡಲಿಲ್ಲ. "ನಿಮ್ಮತ್ತಿ ಎಲ್ಲದಾರ?" ಎಂದೆ. ಅಲ್ಲೇ ಇಟ್ಟಿಗೆಗೆ ನೀರು ಹನಿಸುತ್ತಿದ್ದ ಮುದುಕಿಯನ್ನು ತೋರಿಸಿದಳು. ಹೋಗಿ ಅವರಿಗೂ ಅದೇ ಮಾತು ಹೇಳಿದೆ, ನಾಗಮಣಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಕೆಲಸದವರು ನಾಲ್ಕು ಜನ ನಿಂತು ಕೇಳಿದರು. ಬೈದದ್ದು ಎಲ್ಲರೆದುರು, ತಪ್ಪೊಪ್ಪಿಕೊಂಡದ್ದೂ ಎಲ್ಲರೆದುರೇ ಆಗಬೇಕಿತ್ತು. ಅತ್ತೆ ಸೊಸೆಯ ಕಡೆ ಒಮ್ಮೆ ನೋಡಿ ಮತ್ತೆ ನೀರು ಹನಿಸತೊಡಗಿದರು.

ವಾಪಸು ಬಂದು ಪೆಟ್ಟಿಗೆ ತೆರೆದೆ. ನಾಗಮಣಿ ಕೂಸನ್ನು ಜೋಲಿಯಿಂದ ಎತ್ತಿಕೊಂಡಿದ್ದಳು, ಆದರೆ ಎದೆಗೆ ಅವುಚಿಕೊಂಡೇ ಇದ್ದಳು. "ಇದೂ ಕೆಟ್ಟಿಲ್ಲ ಅಂತ ನನಗ ಹ್ಯಾಂಗ ಗೊತ್ತಾಗಬೇಕು?" ಎಂದು ಕೇಳಿದಳು.

ಅಷ್ಟು ವರ್ಷಗಳಲ್ಲಿ ಯಾವ ತಾಯಿಯೂ ಕೇಳದ, ಎಲ್ಲ ತಾಯಂದಿರೂ ಕೇಳಬೇಕಾದ ಪ್ರಶ್ನೆ ಅದು. ನಾನು ಒಂದು ಪ್ಯಾಕು ತೆಗೆದು ಅವಳ ಕೈಗಿಟ್ಟೆ. ಕಿವಿಗೆ ಹಿಡಿದು ಅಲ್ಲಾಡಿಸು, ಒಳಗೆ ನೀರು ಆಡಬೇಕು ಎಂದೆ. ಅವಳು ಅಲ್ಲಾಡಿಸಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ. ಎರಡನೆಯದು ಕೊಡಿ ಎಂದು ಕೈ ಚಾಚಿದಳು. ಮೂರನೆಯದು, ನಾಲ್ಕನೆಯದು. ನಾಲ್ಕನ್ನೂ ಒಂದೊಂದಾಗಿ ಕೇಳಿ, ಒಂದೊಂದಾಗಿ ನನ್ನ ಕೈಗೆ ಕೊಟ್ಟಳು. ಪಕ್ಕದಲ್ಲಿದ್ದ ಅಪ್ಪಲನರಸಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು.

ಆಮೇಲೆ ನಾಗಮಣಿ ಮೆಟ್ಟಿಲ ಮೇಲೆ ಕೂತು, ಕೂಸಿನ ಅಂಗಿ ಮೇಲೆ ಸರಿಸಿ, ತೊಡೆಯನ್ನು ನನ್ನ ಕಡೆ ತಿರುಗಿಸಿದಳು. "ಹಾಕ್ರಿ," ಎಂದಳು.